ಮಗ್ಗಿನಲ್ಲಿ ಕಲಸಿ ಮೀಟರ್ ತೋರಿಸಿದರೆ ಕೋಕೋಪೀಟ್ ತಗೋಬೇಡಿ

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆ ಕುಂಡದಲ್ಲಿ ಜರ್ಬೆರಾ ಹಾಕೋರು ದಯವಿಟ್ಟು ಓದಿ. ಬರೆಯೋಕೆ ನಾಚಿಕೆ ಆಗ್ತಿದೆ. ಇಸಿ (ಉಪ್ಪಿನ ಅಳತೆ), ಪಿಎಚ್ (ಹುಳಿ-ಕ್ಷಾರದ ಅಳತೆ) ಗೊತ್ತಿದ್ದೂ ಮೋಸ ಹೋಗಿದ್ದೀನಿ.

ತಗೊಂಡಿದ್ದು 150 ಬ್ಲಾಕ್ ಕೋಕೋಪೀಟ್ (ತೆಂಗಿನ ನಾರಿನ ಪುಡಿ ಒತ್ತಿದ್ದು), ಒಂದೊಂದು 5 ಕೆಜಿ. 1,500 ಕುಂಡಕ್ಕೆ. "ವಾಶ್ ಮಾಡಿದ್ದು, ಬಫರ್ ಮಾಡಿದ್ದು, ಲೋ ಇಸಿ" ಅಂತ ಮಾರೋನು ಬಾಯಲ್ಲಿ ಹೇಳಿದ, ಬಿಲ್ಲಿನಲ್ಲಿ ಬರೀ "ಕೋಕೋಪೀಟ್". ಅಲ್ಲೇ ಎಚ್ಚರ ಆಗಬೇಕಿತ್ತು.

ಲೋಡ್ ಇಳಿಸೋವಾಗ ಅವನೇ ಒಂದು ಮಗ್ ಕೇಳಿದ. ತನ್ನ ಗಾಡಿಯಿಂದ ನೀರಿನ ಬಾಟಲಿ ತೆಗೆದು ಮಗ್ ತುಂಬ ಸುರಿದ, ಒಂದು ಹಿಡಿ ಪುಡಿ ಹಾಕಿದ, ಪೆನ್ ಮೀಟರ್ ಅದ್ದಿದ. ಇಸಿ 0.4 mS/cm. "ನೋಡಿ ಸಾರ್, ನಾನು ಹೇಳಿದ್ದಕ್ಕಿಂತ ಕಡಿಮೆ." ನಾನೂ ತಲೆ ಆಡಿಸಿದೆ. ಒಂದು ಹಿಡಿಗೆ ಒಂದು ಮಗ್ ನೀರು ಅಂದರೆ ಪುಡಿಯ ಸುಮಾರು ಹತ್ತು ಪಟ್ಟು ನೀರು. ಉಪ್ಪಿನ ಮೂಟೆ ಹಾಕಿದ್ದರೂ ಕಡಿಮೆ ತೋರಿಸುತ್ತೆ! ಇದು ಆ ಹೊತ್ತಲ್ಲಿ ಹೊಳೆಯಲಿಲ್ಲ, ಅದೇ ಇವತ್ತಿಗೂ ಉರಿ.

ಮಾಡಬೇಕಾದ್ದು ಹೀಗೆ. ಪೀಟನ್ನು ನೆನೆಸಿ, ಹಿಂಡಿದರೆ ಬೆರಳ ಸಂದಿಯಲ್ಲಿ ನೀರು ಜಿನುಗೋ ಹದಕ್ಕೆ ತನ್ನಿ. ಒಂದು ಲೋಟ ಪೀಟಿಗೆ ಒಂದೂವರೆ ಲೋಟ ಡಿಸ್ಟಿಲ್ಡ್ ನೀರು. ಅರ್ಧ ಗಂಟೆ ಬಿಟ್ಟು ಸೋಸಿ ಅಳೆಯಿರಿ. ಇಸಿ 0.5ರ ಆಸುಪಾಸು ಇರಬೇಕು. ನನ್ನದು 2.3. ಮೀಟರನ್ನು ಮೊದಲು ಸರಿಮಾಡಿಕೊಳ್ಳಿ, ಪಿಎಚ್‌ಗೆ 4 ಮತ್ತು 7ರ ಬಫರ್ ದ್ರಾವಣ ಬೇಕು. ಈ ಪರೀಕ್ಷೆ ನಾನು ಮಾಡಿದ್ದು ನಾಟಿ ಆಗಿ ಮೂರು ವಾರದ ಮೇಲೆ. ಅಷ್ಟರಲ್ಲಿ ಹಳೇ ಎಲೆಯ ಅಂಚು ಸುಟ್ಟಿತ್ತು, ಹೊಸ ಎಲೆ ಹಳದಿ ಆಗಿ ನರ ಮಾತ್ರ ಹಸಿರಿತ್ತು.

ಫೋನ್ ಮಾಡಿದೆ. "ನಿಮ್ಮ ಮೀಟರ್ ಸರಿ ಇಲ್ಲ ಸಾರ್." ಕ್ಯಾಲಿಬ್ರೇಟ್ ಮಾಡಿದ ಫೋಟೋ ಕಳಿಸಿದೆ. "ನಮ್ಮ ಕಸ್ಟಮರ್ ಒಬ್ಬರೂ ಕಂಪ್ಲೇಂಟ್ ಮಾಡಿಲ್ಲ." ಆಮೇಲೆ "ನಿಮ್ಮ ಬೋರ್ ನೀರೇ ಹಂಗೆ, ಪಿಎಚ್ ಬ್ಯಾಲೆನ್ಸರ್ ಹಾಕಿ", ಅದೂ ಅವನ ಹತ್ರವೇ! ಹಾಳಾಗಲಿ ಅಂತ ಒಂದು ಬಾಟಲಿ ತಗೊಂಡೆ. ಎರಡನೇ ಸಲ ಮೋಸ. ಒಳಗೇನಿದೆ ಅಂತ ಎಲ್ಲೂ ಬರೆದಿಲ್ಲ. ಹಾಕಿದ ತಕ್ಷಣ ಪಿಎಚ್ 6.5, ಬೆಳಿಗ್ಗೆ ಟ್ಯಾಂಕ್ ನೋಡಿದರೆ 7.5.

ಸಿಟ್ಟು ಬರೋದು ಯಾಕೆ ಅಂದರೆ ಅವನ ಮಾತಲ್ಲಿ ಅರ್ಧ ಸತ್ಯ ಇತ್ತು. ನಮ್ಮ ಬೋರಲ್ಲಿ ಬೈಕಾರ್ಬೊನೇಟ್ (ಪಿಎಚ್ ಇಳಿಯೋಕೆ ಬಿಡದ ಕ್ಷಾರ) ಲೀಟರಿಗೆ 420 ಮಿಗ್ರಾಂ. ಅದನ್ನು ಬಹುಪಾಲು ಕೊಲ್ಲದೆ ಪಿಎಚ್ ಮಾತ್ರ ಇಳಿಸಿದರೆ ರಾತ್ರಿ ಕಳೆಯೋದರೊಳಗೆ ಏರುತ್ತೆ. 61 ಮಿಗ್ರಾಂ ಬೈಕಾರ್ಬೊನೇಟಿಗೆ ಒಂದು ಮಿಲಿ ಈಕ್ವಿವಲೆಂಟ್ (ಆಸಿಡ್ ಎಷ್ಟು ಬೇಕು ಅನ್ನೋ ಲೆಕ್ಕದ ಅಳತೆ), 1,000 ಲೀಟರಲ್ಲಿ ಲೀಟರಿಗೆ ಅಷ್ಟರಂತೆ ತೆಗೆಯೋಕೆ 60% ನೈಟ್ರಿಕ್ ಆಸಿಡ್ ಸುಮಾರು 77 ಮಿಲಿ. ಲೀಟರಿಗೆ ಒಂದು ಮಿಲಿ ಈಕ್ವಿವಲೆಂಟ್ ಉಳಿಸಿ ಲೆಕ್ಕ ಹಾಕಿದರೆ ನನಗೆ 450 ಮಿಲಿ ಬಂತು. ಆಸಿಡನ್ನು ನೀರಿಗೆ ಹಾಕಿ, ನೀರನ್ನು ಆಸಿಡಿಗೆ ಸುರಿಯಬೇಡಿ. ಕೈಗವಸು, ಕನ್ನಡಕ ಹಾಕ್ಕೊಳ್ಳಿ. ಈ ಆಸಿಡಿಂದಲೇ 80 ಪಿಪಿಎಂ (ಲೀಟರಿಗೆ 80 ಮಿಗ್ರಾಂ) ಸಾರಜನಕ ಬರುತ್ತೆ, ಗೊಬ್ಬರದಲ್ಲಿ ಅಷ್ಟು ಕಡಿಮೆ ಮಾಡಿ.

ಆದರೆ ಸುಟ್ಟ ಅಂಚಿಗೆ ಬೋರ್ ನೀರು ಕಾರಣ ಅಲ್ಲ ಕಣಣ್ಣ. ಅದು ಪೀಟಿನ ಉಪ್ಪು. ಬರೀ ನೀರಲ್ಲಿ ತೊಳೆದರೆ ಇಸಿ ಇಳಿಯುತ್ತೆ, ನಾರಿಗೆ ಅಂಟಿಕೊಂಡ ಸೋಡಿಯಂ, ಪೊಟ್ಯಾಶ್ ಹೋಗಲ್ಲ. ನೀವು ಕೊಟ್ಟ ಕ್ಯಾಲ್ಸಿಯಂ, ಮೆಗ್ನೀಷಿಯಂನ್ನು ನಾರು ಹಿಡಿದುಕೊಂಡು ಸೋಡಿಯಂ, ಪೊಟ್ಯಾಶನ್ನು ಬಿಡ್ತಾ ಇರುತ್ತೆ. 5 ಕೆಜಿ ಬ್ಲಾಕಿಗೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರು ಕೊಟ್ಟು, ಒಂದು ದಿನ ನೆನೆಸಿ, ಮತ್ತೆ ತೊಳೆಯಬೇಕು, ಬಫರ್ ಮಾಡೋದು ಅಂದರೆ ಇದೇ. ಗಿಡ ಕೂತ ಮೇಲೆ ಇದು ಆಗದ ಕೆಲಸ. ಈಗ ಬರೀ ಡ್ರೈನ್ ಅಳೆದು ತೊಳೀತಿದ್ದೀನಿ: ನೀರು ಕೊಟ್ಟ ಅರ್ಧ ಗಂಟೆಗೆ ಮೇಲೆ ಸ್ವಲ್ಪ ನೀರು ಸುರಿದು, ಕೆಳಗೆ ಇಳಿದ ಮೊದಲ 50 ಮಿಲಿ ಹಿಡಿದು ಮೀಟರ್ ಹಾಕೋದು.

ಇನ್ನೊಂದು. ಕಬ್ಬಿಣ ಸಿಗದೆ ಹಳದಿ ಆದ ಎಲೆಗೆ ಅಂತ ಅಂಗಡಿಯವರು ಇಡಿಟಿಎ ಕಬ್ಬಿಣ (ನೀರಲ್ಲಿ ಕರಗೋ ಕಬ್ಬಿಣದ ಗೊಬ್ಬರ) ಕೊಡ್ತಾರೆ. ಪಿಎಚ್ 6.5 ದಾಟಿದರೆ ಅದು ಕೆಲಸಕ್ಕೆ ಬರಲ್ಲ. ಇಡಿಡಿಎಚ್‌ಎ ಕಬ್ಬಿಣ ಕೇಳಿ, ನೀರಿಗೆ ಹಾಕಿದರೆ ಕೆಂಪು ಬಣ್ಣ ಬಿಡಬೇಕು. ಪಕ್ಕದಲ್ಲಿ ಚೆಂಡು ಹೂ ಕುಂಡ ಇದ್ದರೆ ಅದಕ್ಕೂ ಸುರಿಯಬೇಡಿ, ಪಿಎಚ್ ಇಳಿದರೆ ಅದೇ ಕಬ್ಬಿಣ ಜಾಸ್ತಿ ಹೀರಿ ಎಲೆ ಚುಕ್ಕಿ ಬೀಳುತ್ತೆ.

ದುಡ್ಡು ಕೊಡೋ ಮುಂಚೆ ನೀರು ಟೆಸ್ಟ್ ಮಾಡಿಸಿ. ತುಮಕೂರಿನ ಹಿರೇಹಳ್ಳಿ, ಕೋಲಾರದ ಟಮಕ, ಚಿಂತಾಮಣಿಯ ಕುರುಬೂರು, ನಿಮಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಇಸಿ ಎಷ್ಟು ಅಂತ ಬಿಲ್ಲಲ್ಲೇ ಬರೆಸಿ. ಬರೆಯಲ್ಲ ಅಂದರೆ ಲೋಡ್ ಇಳಿಸಲೇಬೇಡಿ.

ಹನ್ನೆರಡು ಬ್ಲಾಕ್ ಉಳಿದಿವೆ. ವಾಪಸ್ ತಗೋ ಅಂದರೆ "ಬಾಡಿಗೆ ನೀವೇ ಕೊಟ್ಟರೆ ನೋಡೋಣ ಸಾರ್" ಅಂದ, ಆಮೇಲೆ ಫೋನೇ ಎತ್ತಿಲ್ಲ. ನೆನೆಸದೆ ಹಾಗೇ ಇಟ್ಟಿದ್ದೀನಿ. ನಂಬಿಕೆ ಬರದಿದ್ದರೆ ಬನ್ನಿ, ನಿಮ್ಮ ಮೀಟರ್ ತನ್ನಿ, ಒಂದಕ್ಕೆ ಒಂದೂವರೆ.