ಮ್ಯಾಚೂ ಇರಬೇಕು, ಮುದ್ದೂ ಇರಬೇಕು: ಮೂರು ಸ್ಕ್ರೀನ್‌ಗಳ ಹೋಲಿಕೆ

ನನಗೆ ಟೆನಿಸ್ ಹುಚ್ಚು. ಫುಟ್‌ಬಾಲನ್ನೂ ಬಿಡುವುದಿಲ್ಲ. ನನ್ನ ಗಂಡನಿಗೆ ಆಟ ಅಂದರೆ ಅಷ್ಟಕ್ಕಷ್ಟೆ. ರಾತ್ರಿ ದೀಪ ಸಣ್ಣಗೆ ಮಾಡಿ, ಇಬ್ಬರೂ ಒರಗಿಕೊಂಡು, ಮಾತಿಲ್ಲದೆ ಒಂದು ಸಿನಿಮಾ ನೋಡಬೇಕು ಅನ್ನುವುದು ಅವನ ಆಸೆ. ಮನೆಯಲ್ಲಿ ಟಿವಿ ಮಾತ್ರ ಒಂದೇ. 43 ಇಂಚಿನ ಹಳೇ ಟಿವಿ ಕೈಕೊಟ್ಟಾಗ ನಾನು ಹುಡುಕಿದ್ದು ಚೆಂಡು ಚೆನ್ನಾಗಿ ಕಾಣುವ ಟಿವಿ, ಅವನು ಹುಡುಕಿದ್ದು ಕತ್ತಲು ಚೆನ್ನಾಗಿ ಕಾಣುವ ಟಿವಿ. ಇವೆರಡೂ ಬೇರೆ ಬೇರೆ ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಅಂಗಡಿಯಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ. ಅಲ್ಲಿ ಎಲ್ಲ ಟಿವಿಗಳೂ ಮದುಮಗಳ ಹಾಗೆ ಮೇಕಪ್ ಮಾಡಿಕೊಂಡು ನಿಂತಿರುತ್ತವೆ. ತಲೆಯ ಮೇಲೆ ಟ್ಯೂಬ್‌ಲೈಟ್, ಸ್ಕ್ರೀನ್ ತುಂಬ ಗಿಳಿ, ಹೂವು, ಜಲಪಾತ. ಪಕ್ಕದಲ್ಲಿ ನಿಮ್ಮ ಭುಜಕ್ಕೆ ಒರಗಿದ ತಲೆ ಇರುವುದಿಲ್ಲ ಅಲ್ವಾ? ನಮ್ಮ ಅದೃಷ್ಟ ಚೆನ್ನಾಗಿತ್ತು. ಕೊಳ್ಳುವ ಮೊದಲು ಮೂರು ಥರದ ಸ್ಕ್ರೀನ್‌ಗಳ ಜೊತೆ ಕೆಲವು ವಾರ ಬದುಕುವ ಅವಕಾಶ ಸಿಕ್ಕಿತು.

ಮೊದಲು ಬಂದದ್ದು 65 ಇಂಚಿನ ಮಿನಿ ಎಲ್‌ಇಡಿ. ಅಣ್ಣ ಮನೆ ಬದಲಿಸುವಾಗ ಒಂದು ತಿಂಗಳು ಅವನ ಟಿವಿ ನಮ್ಮಲ್ಲಿತ್ತು. ಇದು ಎಲ್‌ಸಿಡಿಯದೇ ಜಾತಿ. ಸ್ಕ್ರೀನಿನ ಹಿಂದೆ ಸಾವಿರಾರು ಪುಟಾಣಿ ದೀಪಗಳು, ಅವನ್ನು ಗುಂಪು ಗುಂಪಾಗಿ ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆ. ಮೊದಲ ಭಾನುವಾರ ಮಧ್ಯಾಹ್ನ ಕಿಟಕಿ ತೆರೆದಿಟ್ಟು ಟೆನಿಸ್ ಹಾಕಿದೆ. ಬಿಸಿಲು ನೇರ ಹಾಲಿಗೆ ಬೀಳುತ್ತಿತ್ತು. ಆದರೂ ಕೋರ್ಟು ಫಳಫಳ ಹೊಳೆಯುತ್ತಿತ್ತು. ಚೆಂಡು ಗೆರೆಗೆ ತಾಗಿದಾಗ ಏಳುವ ಬಿಳಿ ಪುಡಿ ಕೂಡ ಕಂಡಿತು. ಹಗಲು ಮ್ಯಾಚ್ ನೋಡುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಈ ಮಾತನ್ನು ನಾನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಚೆಂಡು ಕಾಣುವುದು ಎಷ್ಟು ದೊಡ್ಡ ವಿಷಯ ಎಂದರೆ, ಟಿವಿಗಾಗಿ ಚೆಂಡುಗಳೇ ಬಣ್ಣ ಬದಲಿಸಿವೆ. ಟೆನಿಸ್ ಚೆಂಡು ಮೊದಲು ಬಿಳಿ ಇತ್ತು. ಟಿವಿಯಲ್ಲಿ ಸರಿಯಾಗಿ ಕಾಣಲಿ ಎಂದು 1972ರಲ್ಲಿ ಹಳದಿ ಚೆಂಡು ಬಂತು. ವಿಂಬಲ್ಡನ್ ಮಾತ್ರ ಹಟ ಹಿಡಿದು 1986ರಲ್ಲಿ ಹಳದಿಗೆ ಬಂತು. 1970ರ ವಿಶ್ವಕಪ್ ಫುಟ್‌ಬಾಲಿನ ಚೆಂಡಿಗೆ ಕಪ್ಪು ಬಿಳಿ ತುಂಡುಗಳನ್ನು ಹೊಲಿದದ್ದೂ ಕಪ್ಪು ಬಿಳುಪು ಟಿವಿಯವರ ಕಣ್ಣಿಗೆ ಬೀಳಲಿ ಎಂದೇ. ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳುತ್ತಿದ್ದರೆ ಗಂಡ, "ಸರಿ, ಸಿನಿಮಾ ಯಾವಾಗ ಹಾಕ್ತೀಯಾ?" ಎಂದ.

ರಾತ್ರಿ ಹಾಕಿದೆವು. ತೊಂದರೆ ಶುರುವಾದದ್ದು ಅಲ್ಲೇ.

ನಮ್ಮದು ಎಲ್ ಆಕಾರದ ಸೋಫಾ. ಅದರ ಮೂಲೆಯೇ ನಮ್ಮಿಬ್ಬರ ಜಾಗ. ಅವನು ಮೂಲೆಗೆ ಬೆನ್ನು ಕೊಡುತ್ತಾನೆ, ನಾನು ಅವನಿಗೆ ಬೆನ್ನು ಕೊಡುತ್ತೇನೆ. ಕಾಲು ಚಾಚಲು ಜಾಗ ಇದೆ, ಹೊದಿಕೆ ಒಂದೇ ಸಾಕು. ಆದರೆ ಅಲ್ಲಿಂದ ಟಿವಿ ಓರೆಯಾಗಿ ಕಾಣುತ್ತದೆ. ಆ ಓರೆಯಿಂದ ನಾಯಕಿಯ ಮುಖ ಜ್ವರ ಬಂದವಳ ಹಾಗೆ ಬಿಳಿಚಿಕೊಂಡಿತ್ತು. ಕತ್ತಲೆ ಕೋಣೆ ಬೂದಿ ಬಣ್ಣಕ್ಕೆ ತಿರುಗಿತ್ತು. ಮಧ್ಯೆ ನಿಲ್ಲಿಸಿ, ನಾನು ಎದ್ದು ಸ್ಕ್ರೀನಿನ ನೇರಕ್ಕೆ ಹೋಗಿ ನಿಂತೆ. ಕಪ್ಪು ಕಪ್ಪಾಗಿತ್ತು. ಒಂದೊಂದೇ ಹೆಜ್ಜೆ ಪಕ್ಕಕ್ಕೆ ಬಂದೆ. ಮೂರನೇ ಹೆಜ್ಜೆಗೆ ಬಣ್ಣ ತೊಳೆದು ಹೋಯಿತು.

ಇದು ಆ ಟಿವಿಯೊಂದರದೇ ತಪ್ಪಲ್ಲ. ಎಲ್‌ಸಿಡಿ ಪ್ಯಾನಲ್‌ಗಳಲ್ಲಿ, ಅಂದರೆ ಚಿತ್ರ ಮೂಡುವ ಹಲಗೆಯಲ್ಲಿ, ಮುಖ್ಯವಾಗಿ ಎರಡು ಬಗೆ. ವಿಎ ಪ್ಯಾನಲ್‌ನಲ್ಲಿ ಕಪ್ಪು ಚೆನ್ನಾಗಿ ಬರುತ್ತದೆ, ಆದರೆ ನೇರವಾಗಿ ಕೂರಬೇಕು. ಐಪಿಎಸ್ ಪ್ಯಾನಲ್ ಪಕ್ಕದಿಂದಲೂ ಪರವಾಗಿಲ್ಲ, ಆದರೆ ಅದರ ಕಪ್ಪು ಮೊದಲಿನಿಂದಲೇ ಬೂದಿ. ಅಣ್ಣನದು ವಿಎ. ಮಧ್ಯದಲ್ಲಿ ನೆಟ್ಟಗೆ ಕೂತರೆ ಎಲ್ಲ ಸರಿ. ಆದರೆ ಮಧ್ಯದಲ್ಲಿ ನೆಟ್ಟಗೆ ಕೂತು ಯಾರಾದರೂ ಪ್ರೀತಿ ಮಾಡ್ತಾರಾ? ಅದೇನು ಇಂಟರ್‌ವ್ಯೂನಾ?

ಇನ್ನೂ ಎರಡು ಸಣ್ಣ ಕಿರಿಕಿರಿ. ಕತ್ತಲ ದೃಶ್ಯದಲ್ಲಿ ಸಬ್‌ಟೈಟಲ್ ಬಂದರೆ ಅಕ್ಷರಗಳ ಸುತ್ತ ಮಂಜಿನ ಹಾಗೆ ಬೆಳಕು. ದೀಪಗಳು ಗುಂಪಾಗಿ ಉರಿಯುವುದರಿಂದ ಹೀಗೆ. ಮತ್ತೊಂದು ಫುಟ್‌ಬಾಲಿನದು. ಕ್ಯಾಮೆರಾ ಮೈದಾನದ ಉದ್ದಕ್ಕೂ ಓಡುವಾಗ ಹಸಿರಿನ ಮೇಲೆ ಉದ್ದುದ್ದ ಮಸುಕು ಪಟ್ಟಿ, ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟ ಹಾಗೆ. ಮೊದಲು ನನಗೆ ಕಂಡಿರಲಿಲ್ಲ. "ಅಲ್ಲಿ ನೋಡೇ, ಗೆರೆ ಗೆರೆ" ಎಂದು ಅವನು ಬೆರಳು ತೋರಿಸಿದ. ಅವತ್ತಿಗೆ ನನ್ನ ನೆಮ್ಮದಿ ಹೋಯಿತು. ಪ್ಯಾನಲ್ ಎಲ್ಲ ಕಡೆ ಒಂದೇ ಸಮ ಇಲ್ಲದಿದ್ದರೆ ಹೀಗಾಗುತ್ತದೆ. ಒಂದೇ ಮಾಡೆಲ್‌ನ ಎರಡು ಟಿವಿಗಳಲ್ಲೂ ಇದು ಬೇರೆ ಬೇರೆ ಥರ ಇರಬಹುದು. ಕೊಳ್ಳುವಾಗ ಬೂದು ಬಣ್ಣದ ಒಂದು ಚಿತ್ರವನ್ನು ಸ್ಕ್ರೀನ್ ತುಂಬ ಹಾಕಿಸಿ ನೋಡಿ, ಕಲೆ ಇದ್ದರೆ ತಕ್ಷಣ ಗೊತ್ತಾಗುತ್ತದೆ. ಅಂಗಡಿಯವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ ಬಿಡಿ.

ಎರಡನೆಯದು ಒಎಲ್‌ಇಡಿ, 55 ಇಂಚು. ಇದು ನಮ್ಮ ಮನೆಗೆ ಬರಲಿಲ್ಲ, ನಾವೇ ಅದರ ಮನೆಗೆ ಹೋದೆವು. ಗೆಳತಿ ಮತ್ತವಳ ಗಂಡ ಮೂರು ವಾರ ಪ್ರವಾಸ ಹೋಗುವಾಗ, ಬೆಕ್ಕು ನೋಡಿಕೊಂಡು ಅಲ್ಲೇ ಇರಿ ಎಂದು ಕೀಲಿ ಕೊಟ್ಟರು. ಅವರ ಸೋಫಾದ ಮಧ್ಯದ ಜಾಗ ಬೆಕ್ಕಿನದು. ಹಾಗಾಗಿ ನಮಗೆ ಇಲ್ಲೂ ಮೂಲೆಯೇ ಗತಿ. ಪರೀಕ್ಷೆಗೆ ಅನುಕೂಲವೇ ಆಯಿತು.

ಒಎಲ್‌ಇಡಿಯಲ್ಲಿ ಹಿಂದೆ ದೀಪವೇ ಇಲ್ಲ. ಪ್ರತಿ ಚುಕ್ಕಿ ತಾನೇ ಉರಿಯುತ್ತದೆ, ಬೇಡವೆಂದರೆ ತಾನೇ ಆರುತ್ತದೆ. ಮೊದಲ ರಾತ್ರಿ ಸಿನಿಮಾದಲ್ಲಿ ಒಬ್ಬಳು ಕತ್ತಲಲ್ಲಿ ಬೆಂಕಿಕಡ್ಡಿ ಗೀರಿದಳು. ಆ ಒಂದು ಜ್ವಾಲೆ ಬಿಟ್ಟರೆ ಟಿವಿಯ ಅಂಚು ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಗೊತ್ತಾಗಲಿಲ್ಲ. ಗಂಡ ಮಾತಾಡಲಿಲ್ಲ, ನನ್ನ ಕೈ ಮಾತ್ರ ಹಿಡಿದುಕೊಂಡ. ಪಕ್ಕದಿಂದ ನೋಡಿದರೂ ಮುಖಕ್ಕೆ ಜ್ವರ ಬಂದಿರಲಿಲ್ಲ.

ಆಟಕ್ಕೆ ಹೇಗೆ? ರಾತ್ರಿ ಮ್ಯಾಚುಗಳಿಗೆ ಮಿನಿ ಎಲ್‌ಇಡಿಗಿಂತ ಚೆನ್ನ. ಚುಕ್ಕಿಗಳು ಕಣ್ಣು ಮಿಟುಕಿಸುವುದರೊಳಗೆ ಬದಲಾಗುವುದರಿಂದ ಸರ್ವ್ ಮಾಡಿದ ಚೆಂಡಿನ ಹಿಂದೆ ಬಾಲ ಇಲ್ಲ. ಹಸಿರಿನ ಮೇಲೆ ಆ ಒದ್ದೆ ಬಟ್ಟೆಯ ಗುರುತೂ ಕಾಣಲಿಲ್ಲ. ಹಗಲು ಮಾತ್ರ ಸೋತಿತು. ಕಿಟಕಿ ತೆರೆದರೆ ಸ್ಕ್ರೀನಿನಲ್ಲಿ ಮ್ಯಾಚಿಗಿಂತ ಜಾಸ್ತಿ ನನ್ನ ಮುಖವೇ ಕಾಣುತ್ತಿತ್ತು. ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ ಮ್ಯಾಚ್ ನೋಡುವಾಗ ಇನ್ನೊಂದು ವಿಷಯ ಗಮನಿಸಿದೆ. ಸ್ಕ್ರೀನ್ ತುಂಬ ಬಿಳಿ ಬಂದ ಕೂಡಲೇ ಟಿವಿ ತಾನಾಗಿ ಸ್ವಲ್ಪ ಮಂಕಾಗುತ್ತದೆ. ಎಲ್ಲ ಚುಕ್ಕಿಗಳೂ ಒಟ್ಟಿಗೆ ಪೂರ್ತಿ ಉರಿದರೆ ಕರೆಂಟೂ ಬಿಸಿಯೂ ಮಿತಿಮೀರುತ್ತವೆ, ಅದಕ್ಕೆ ಈ ಕಡಿವಾಣ.

ಸ್ಕೋರ್ ಪಟ್ಟಿಯ ಗುರುತು ಸ್ಕ್ರೀನಿನಲ್ಲಿ ಉಳಿದುಬಿಡುತ್ತದೆ ಎಂಬ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಒಂದೇ ಜಾಗದಲ್ಲಿ ಒಂದೇ ಚಿತ್ರ ಸಾವಿರಾರು ಗಂಟೆ ಉರಿದರೆ ಅಲ್ಲಿನ ಚುಕ್ಕಿಗಳು ಬೇಗ ಸವೆಯುತ್ತವೆ. ದಿನವಿಡೀ ಒಂದೇ ಸ್ಪೋರ್ಟ್ಸ್ ಚಾನೆಲ್ ಓಡುವ ಮನೆಗೆ ನಾನು ಒಎಲ್‌ಇಡಿ ತಗೊಳ್ಳಿ ಎನ್ನುವುದಿಲ್ಲ. ವಾರಕ್ಕೆರಡು ಮ್ಯಾಚ್, ಎರಡು ಸಿನಿಮಾ ನೋಡುವವರು ಇದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಒಂದು ಕೆಲಸ ಮಾಡಬಾರದು. ಟಿವಿ ಆಫ್ ಆದ ಮೇಲೂ ಸ್ಟ್ಯಾಂಡ್‌ಬೈನಲ್ಲಿ ಆ ಚುಕ್ಕಿಗಳನ್ನು ಸರಿಪಡಿಸಿಕೊಳ್ಳುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ಆ ಕೆಲಸ ನಿಂತುಹೋಗುತ್ತದೆ. ನನ್ನ ಗಂಡ ರಾತ್ರಿ ಮಲಗುವ ಮುಂಚೆ ಮನೆಯ ಎಲ್ಲ ಸ್ವಿಚ್ಚುಗಳನ್ನೂ ಮುಟ್ಟಿ ಬರುವ ಜಾತಿ.

ಮೇಣದಬತ್ತಿಯ ಕತೆ ಇಲ್ಲೇ ಹೇಳಬೇಕು. ಎರಡನೇ ವಾರ ಅವನು ಖುಷಿಯಿಂದ ಟೀಪಾಯಿಯ ಮೇಲೆ ನಾಲ್ಕು ಮೇಣದಬತ್ತಿ ಹಚ್ಚಿಟ್ಟ. ನಾಲ್ಕೂ ಆ ಕನ್ನಡಿಯಂಥ ಸ್ಕ್ರೀನಿನಲ್ಲಿ ಮೂಡಿದವು. ನಾಯಕನ ಹಣೆಯ ಮೇಲೆ ಎರಡು, ಗಲ್ಲದ ಮೇಲೆ ಎರಡು. ನಗು ತಡೆಯಲಿಕ್ಕಾಗಲಿಲ್ಲ. ಆಮೇಲೆ ಕಂಡುಕೊಂಡ ಉಪಾಯ ಇದು: ಬೆಳಕು ಟಿವಿಯ ಎದುರಿಗೆ ಇರಬಾರದು, ಹಿಂದೆ ಇರಬೇಕು. ಟಿವಿಯ ಬೆನ್ನಿಗೆ ಗೋಡೆಯ ಕಡೆ ಮುಖ ಮಾಡಿ ಒಂದು ಸಣ್ಣ ದೀಪ. ಕಣ್ಣಿಗೂ ಹಿತ, ಕಪ್ಪೂ ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಬಣ್ಣ ಕೆಡದಿರಲು ಅದು 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ ಇದು) ಬಿಳಿ ದೀಪ ಆಗಿರಬೇಕು ಎಂದು ತಿಳಿದವರು ಹೇಳುತ್ತಾರೆ. ಹಾಕಿ ನೋಡಿದೆವು, ಹಲ್ಲಿನ ಡಾಕ್ಟರ ಕೋಣೆಯಲ್ಲಿ ಕೂತ ಹಾಗಾಯಿತು. 2700ರ ಹಳದಿ ದೀಪಕ್ಕೆ ಬದಲಾಯಿಸಿದೆವು. ಬಣ್ಣ ಒಂದು ಕೂದಲೆಳೆ ಆಚೀಚೆ ಆಗಿರಬಹುದು, ಸಂಜೆ ಮಾತ್ರ ಸರಿಯಾಯಿತು.

ಮೂರನೆಯದು ಪ್ರೊಜೆಕ್ಟರ್. ಗೆಳೆಯನೊಬ್ಬ ಎರಡು ವಾರಕ್ಕೆ ಕೊಟ್ಟ. ಬಿಳಿ ಗೋಡೆಯ ಮೇಲೆ 100 ಇಂಚು, ಅಂದರೆ ಅಗಲವೇ ಸುಮಾರು 221 ಸೆಂಟಿಮೀಟರ್. ಮೊದಲ ರಾತ್ರಿ ದೀಪ ಆರಿಸಿ ನೆಲದ ಮೇಲೆ ಹಾಸಿಗೆ ಹಾಕಿ ಮಲಗಿ ಸಿನಿಮಾ ನೋಡಿದೆವು. ಪ್ರಣಯಕ್ಕೆ ಹತ್ತಕ್ಕೆ ಹತ್ತು. ಯಾವ ಮೂಲೆಯಿಂದ ನೋಡಿದರೂ ಗೋಡೆ ಗೋಡೆಯೇ ತಾನೆ?

ಮ್ಯಾಚಿನ ದಿನ ಎಲ್ಲ ಮುರಿದುಬಿತ್ತು. ಆಟ ಶುರುವಾದಾಗ ಹೊರಗೆ ಇನ್ನೂ ಬೆಳಕಿತ್ತು. ಪ್ರೊಜೆಕ್ಟರಿಗೆ ಕಪ್ಪನ್ನು ಎಸೆಯಲು ಬರುವುದಿಲ್ಲ, ಅದರ ಕಪ್ಪು ಅಂದರೆ ನಿಮ್ಮ ಗೋಡೆಯ ಬಣ್ಣವೇ. ಎರಡೂ ತಂಡದ ಜೆರ್ಸಿ ಒಂದೇ ಥರ ಕಂಡವು. ಬ್ಲೂಟೂತ್ ಸ್ಪೀಕರ್ ಹಾಕಿದ್ದರಿಂದ ಸದ್ದು ಹಿಂದೆ ಬೀಳುತ್ತಿತ್ತು. ಟೆನಿಸ್‌ನಲ್ಲಿ ಇದು ಚಿತ್ರಹಿಂಸೆ. ಚೆಂಡು ರಾಕೆಟ್ ಬಿಟ್ಟು ಹೊರಟ ಮೇಲೆ "ಠಪ್" ಎನ್ನುತ್ತದೆ. ಸಾಲದ್ದಕ್ಕೆ ಫುಟ್‌ಬಾಲಿನ ಪೆನಾಲ್ಟಿ ಹೊತ್ತಿಗೆ ಗಂಡ ಬೆಳಕಿಗೆ ಕೈ ಅಡ್ಡ ಹಿಡಿದು ಗೋಡೆಯ ಮೇಲೆ ಜಿಂಕೆ ಮಾಡಿ ತೋರಿಸಿದ. "ಲೋ, ಕೈ ತೆಗಿಯೋ!" ಎಂದು ಕಿರುಚಿದೆ. ಅಷ್ಟರಲ್ಲಿ ಗೋಲಾಗಿತ್ತು. ಪ್ರೊಜೆಕ್ಟರ್ ವಿಷಯ ಅಲ್ಲಿಗೆ ಮುಗಿಯಿತು.

ಮೂರರಲ್ಲೂ ಒಂದು ಜಗಳ ಸಮಾನವಾಗಿತ್ತು, ಚಲನೆಯನ್ನು ನಯ ಮಾಡುವ ಸೆಟ್ಟಿಂಗ್. ಸಿನಿಮಾ ಸೆಕೆಂಡಿಗೆ 24 ಚಿತ್ರಗಳದ್ದು, ಆಟದ ಪ್ರಸಾರ 50 ಅಥವಾ 60ರದ್ದು. ಆ ಸೆಟ್ಟಿಂಗ್ ಮಧ್ಯೆ ಮಧ್ಯೆ ತಾನೇ ಚಿತ್ರ ಹುಟ್ಟಿಸಿ ತುಂಬುತ್ತದೆ. ಆಟಕ್ಕೆ ಸ್ವಲ್ಪ ಇದ್ದರೆ ಚೆನ್ನ. ಸಿನಿಮಾಗೆ ಇದ್ದರೆ ಎಂಥ ಪ್ರೇಮ ದೃಶ್ಯವೂ ಧಾರಾವಾಹಿಯ ಹಾಗೆ ಕಾಣುತ್ತದೆ. ನಾನು ಹಾಕುವುದು, ಅವನು ತೆಗೆಯುವುದು, ಹೀಗೇ ನಡೆಯಿತು. ಕೊನೆಗೆ ಎರಡು ಪಿಕ್ಚರ್ ಮೋಡ್ ಬೇರೆ ಬೇರೆ ಉಳಿಸಿಕೊಂಡೆವು. ಅವನಿಗೆ ಫಿಲ್ಮ್‌ಮೇಕರ್ ಮೋಡ್, ನಯ ಮಾಡುವುದು ಪೂರ್ತಿ ಬಂದ್. ನನಗೂ ಸಿನಿಮಾ ಮೋಡೇ, ಚಲನೆ ಮಾತ್ರ ಒಂದೆರಡು ಗೆರೆ ಮೇಲೆ. ಸ್ಪೋರ್ಟ್ಸ್ ಮೋಡ್ ಅಂತ ಇರುತ್ತದಲ್ಲ, ಅದನ್ನು ನಂಬಬೇಡಿ. ಹುಲ್ಲಿಗೆ ಪೇಂಟ್ ಹೊಡೆದಂತೆ ಕಾಣುತ್ತದೆ. ಪ್ಯಾನಲ್ ಮಾತ್ರ ನಿಜವಾದ 120 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸಬಲ್ಲದ್ದು ಇರಲಿ. 24ನ್ನು ಐದರಿಂದ ಗುಣಿಸಿದರೆ 120, ಲೆಕ್ಕ ಸರಿಹೋಗುತ್ತದೆ. 60 ಹರ್ಟ್ಸ್‌ನದಾದರೆ 24ರಿಂದ ಸರಿಯಾಗಿ ಭಾಗ ಹೋಗುವುದಿಲ್ಲ, ಹಾಗಾಗಿ ಒಂದು ಚಿತ್ರ ಎರಡು ಸಲ, ಮುಂದಿನದು ಮೂರು ಸಲ ಬಂದು ನಡಿಗೆ ಕುಂಟುತ್ತದೆ. ಡಬ್ಬದ ಮೇಲೆ ಮೋಷನ್ 240 ಎಂದೇನಾದರೂ ಬರೆದಿದ್ದರೆ ಪ್ಯಾನಲ್‌ದು ಎಷ್ಟು ಎಂದು ಬಿಡಿಸಿ ಕೇಳಿ.

ಟಿವಿಗೆ ಸಂಬಂಧವೇ ಇಲ್ಲದ ಎರಡು ವಿಷಯವನ್ನೂ ಕಲಿತೆವು. ಒಂದು, ಆ್ಯಪ್‌ನಲ್ಲಿ ಬರುವ ನೇರ ಪ್ರಸಾರ ನಿಜವಾಗಿ ನೇರವಲ್ಲ, ಹತ್ತಾರು ಸೆಕೆಂಡು ಹಿಂದಿರುತ್ತದೆ. ಒಂದು ರಾತ್ರಿ ಆಟಗಾರ ಇನ್ನೂ ಚೆಂಡಿನ ಹತ್ತಿರವೂ ಹೋಗಿಲ್ಲ, ಗಂಡ ಫೋನ್ ನೋಡಿ "ಗೋಲ್ ಆಯ್ತಂತೆ" ಎಂದ. ನಾನು ಅವನನ್ನು ನೋಡಿದ ನೋಟ ಅವನಿಗೆ ಈಗಲೂ ನೆನಪಿದೆ. ಈಗ ಮ್ಯಾಚ್ ಹೊತ್ತಿಗೆ ಎರಡೂ ಫೋನ್ ಬೆಡ್‌ರೂಮಿನಲ್ಲಿ. ಎರಡು, ಮ್ಯಾಚ್ ಮುಗಿದ ಮೇಲೆ ಸಿನಿಮಾ ಎಂದು ಮಾತು ಕೊಡುವ ದಿನ ಫುಟ್‌ಬಾಲ್ ಇರಲಿ, ಸಾಮಾನ್ಯವಾಗಿ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಟೆನಿಸ್‌ಗೆ ಗಡಿಯಾರ ಇಲ್ಲ. 2010ರ ವಿಂಬಲ್ಡನ್‌ನಲ್ಲಿ ಇಸ್ನರ್ ಮತ್ತು ಮಾಹು ಆಡಿದ್ದು 11 ಗಂಟೆ 5 ನಿಮಿಷ, ಮೂರು ದಿನ. ಈಗ ಕೊನೆ ಸೆಟ್‌ಗೂ ಟೈಬ್ರೇಕ್, ಅಂದರೆ ಸಮ ಬಂದಾಗ ಬೇಗ ಮುಗಿಸುವ ಆಟ, ಬಂದಿದೆ. ಆದರೂ ಐದು ಸೆಟ್ ಮ್ಯಾಚಿನ ದಿನ ನಾನು ಯಾವ ಮಾತನ್ನೂ ಕೊಡುವುದಿಲ್ಲ.

ಕೊನೆಗೆ ತಂದದ್ದು 55 ಇಂಚಿನ ಒಎಲ್‌ಇಡಿ. ಸೋಫಾದಿಂದ ಟಿವಿಗೆ ಎರಡೂವರೆ ಮೀಟರ್, ಆ ದೂರಕ್ಕೆ 65 ಇದ್ದಿದ್ದರೇ ಚೆನ್ನಾಗಿತ್ತು. ಆದರೆ ಅದರ ಬೆಲೆಗೂ ನಮ್ಮ ಜೇಬಿಗೂ ತಾಳೆಯಾಗಲಿಲ್ಲ. ಹಗಲು ಮ್ಯಾಚಿಗಾಗಿ ದಪ್ಪ ಕರ್ಟನ್ ಹಾಕಿಸಿದೆವು. ಬೇಸಿಗೆಯ ಮಧ್ಯಾಹ್ನ ಅದನ್ನು ಎಳೆದು ಕೂರುವಾಗ ಅಣ್ಣನ ಟಿವಿ ನೆನಪಾಗಿ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ. ರಾತ್ರಿ ಮೂಲೆಗೆ ಸೇರಿಕೊಂಡಾಗ ಆ ಉರಿ ಇರುವುದಿಲ್ಲ.

ಗೋಡೆಯ ಸ್ವಿಚ್ ಮೇಲೆ ಟೇಪ್ ಅಂಟಿಸಿ "ಮುಟ್ಟಿದರೆ ಜಾಗ್ರತೆ" ಎಂದು ಬರೆದಿದ್ದೇನೆ. ಮೊನ್ನೆ ನೋಡಿದರೆ ಅದರ ಕೆಳಗೆ ಪೆನ್ನಿನಲ್ಲಿ ಒಂದು ಪುಟ್ಟ ಜಿಂಕೆ ಬರೆದಿತ್ತು.