ಟೆನ್ಸ್ ಯಂತ್ರ: ನೋವು ಇಳಿಸುವುದು ಕರೆಂಟೋ, ಮಿದುಳೋ?

ಅಂಗೈಯಗಲದ ಡಬ್ಬಿ, ಎರಡು ವೈರು, ನಾಲ್ಕು ಅಂಟುವ ಪ್ಯಾಡು. ಚರ್ಮದ ಮೇಲಿಂದ ನರಗಳಿಗೆ ಸಣ್ಣ ಕರೆಂಟು ಹರಿಸುವ ಮನೆಬಳಕೆಯ ಟೆನ್ಸ್ ಯಂತ್ರವೆಂದರೆ ಇಷ್ಟೇ. ಸೊಂಟ, ಮಂಡಿ, ಭುಜದ ಹಳೇ ನೋವಿನ ಮೂಲವನ್ನು ಇದು ಗುಣಪಡಿಸುವುದಿಲ್ಲ. ಹಾಕಿಕೊಂಡಿರುವಾಗ, ತೆಗೆದ ಮೇಲೂ ಸ್ವಲ್ಪ ಹೊತ್ತು, ನೋವನ್ನು ತಗ್ಗಿಸುತ್ತದೆ. ಆ ಹೊತ್ತಿನಲ್ಲಿ ನಡೆಯಲು, ವ್ಯಾಯಾಮ ಮಾಡಲು ಸಾಧ್ಯವಾದರೆ ಕೊಟ್ಟ ದುಡ್ಡು ದಂಡವಲ್ಲ.

‘ಇದೆಲ್ಲ ಬರೀ ಪ್ಲಸೀಬೊ’ (ಗುಣವಾಗುತ್ತದೆಂಬ ನಂಬಿಕೆಯಿಂದಲೇ ಸಿಗುವ ಉಪಶಮನ) ಎಂದು ಮೂಗು ಮುರಿಯುವವರಿದ್ದಾರೆ. ಆ ‘ಬರೀ’ ಎಂಬ ಮಾತೇ ತಪ್ಪು. 1978ರಲ್ಲಿ ಲೆವಿನ್, ಗಾರ್ಡನ್, ಫೀಲ್ಡ್ಸ್ ಎಂಬ ಸಂಶೋಧಕರು ಹಲ್ಲು ಕೀಳಿಸಿಕೊಂಡವರ ಮೇಲೆ ಒಂದು ಪ್ರಯೋಗ ನಡೆಸಿದರು. ಹುಸಿಮದ್ದಿನಿಂದಲೇ ನೋವು ತಗ್ಗಿದ್ದವರಿಗೆ ನಲೋಕ್ಸೋನ್ ಕೊಟ್ಟಾಗ ನೋವು ಮತ್ತೆ ಏರಿತು. ನಲೋಕ್ಸೋನ್ ಮಾರ್ಫಿನ್‌ಗೆ ಅಡ್ಡಗಟ್ಟುವ ಔಷಧಿ. ಹಾಗಾದರೆ ಆ ಉಪಶಮನದ ಹಿಂದೆ ಇದ್ದದ್ದು ಮಿದುಳು ತಾನೇ ಸುರಿಸಿದ ಎಂಡಾರ್ಫಿನ್, ಅಂದರೆ ಮೈಯೊಳಗಿನ ಮಾರ್ಫಿನ್. ನೋವು ಇಳಿಯುತ್ತದೆಂಬ ನಿರೀಕ್ಷೆ ಮಿದುಳಿನ ಮುಂಭಾಗದಲ್ಲಿ ಹುಟ್ಟಿ, ನಡುಮಿದುಳನ್ನು ದಾಟಿ ಬೆನ್ನುಹುರಿಗಿಳಿದು, ನೋವಿನ ಸಂಕೇತವನ್ನು ಬಾಗಿಲಲ್ಲೇ ತಡೆಯುತ್ತದೆ.

ಯಂತ್ರ ಕೆಲಸ ಮಾಡುವುದೂ ಅದೇ ಬಾಗಿಲಲ್ಲಿ. ಸ್ಪರ್ಶದ ದಪ್ಪ ನರತಂತುಗಳು ಚುರುಕಾದರೆ ನೋವಿನ ತೆಳು ತಂತುಗಳ ಸುದ್ದಿ ಒಳಹೋಗುವುದು ಕಡಿಮೆ ಎಂದು ಸಂಶೋಧಕರಾದ ಮೆಲ್ಝಾಕ್ ಮತ್ತು ವಾಲ್ 1965ರಲ್ಲೇ ಹೇಳಿದ್ದರು. ಪೆಟ್ಟು ಬಿದ್ದ ಜಾಗವನ್ನು ಉಜ್ಜಿದರೆ ಹಾಯೆನಿಸುವುದೂ ಇದರಿಂದಲೇ. ಇದರಲ್ಲಿ ಕರೆಂಟಿನ ಪಾಲೆಷ್ಟು, ನಿರೀಕ್ಷೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ: ಕರೆಂಟಿಲ್ಲದ ಹುಸಿ ಯಂತ್ರ ಕಟ್ಟಿದರೆ ಜುಮುಗುಡದಿರುವುದರಿಂದಲೇ ಗುಟ್ಟು ರಟ್ಟಾಗುತ್ತದೆ.

ಕೊಳ್ಳುವಾಗ ಆವರ್ತನ (ಸೆಕೆಂಡಿಗೆ ಎಷ್ಟು ಮಿಡಿತ), ಪಲ್ಸ್ ಅಗಲ (ಒಂದೊಂದು ಮಿಡಿತ ಎಷ್ಟು ಹೊತ್ತು) ಎರಡನ್ನೂ ಬೇರೆಬೇರೆಯಾಗಿ ಹೊಂದಿಸಲು ಬರುವುದನ್ನೇ ಆರಿಸಿ. 80ರಿಂದ 100 ಹರ್ಟ್ಜ್, 200 ಮೈಕ್ರೊಸೆಕೆಂಡ್ ಆಸುಪಾಸಿನಿಂದ ಶುರುಮಾಡಬಹುದು. 2ರಿಂದ 4 ಹರ್ಟ್ಜ್‌ನಲ್ಲಿ ಸ್ನಾಯು ತಟತಟ ಹಾರುತ್ತದೆ. ಮಾರ್ಫಿನ್ ಜಾತಿಯ ಮಾತ್ರೆ ರೂಢಿಯಾದವರಿಗೆ ಈ ಕಡಿಮೆ ಆವರ್ತನದ ಕ್ರಮ ಅಷ್ಟಾಗಿ ಫಲ ಕೊಡದು.

ಹೆಚ್ಚಿನವರು ಎಡವುವುದು ತೀವ್ರತೆಯಲ್ಲಿ. ಸಣ್ಣಗೆ ಜುಮ್ಮೆಂದ ಕೂಡಲೇ ಗುಂಡಿ ಬಿಟ್ಟುಬಿಡುತ್ತಾರೆ. ಅಷ್ಟು ಸಾಲದು. ಗಟ್ಟಿಯಾಗಿ ಅನ್ನಿಸಬೇಕು, ನೋಯಬಾರದು. ಐದಾರು ನಿಮಿಷದಲ್ಲಿ ನರ ಒಗ್ಗಿಕೊಂಡು ಜುಮುಗುಡುವುದು ಮಂಕಾಗುತ್ತದೆ; ಆಗ ಒಂದು ಹಂತ ಏರಿಸಿ. ಒಂದು ಸಲಕ್ಕೆ 30 ನಿಮಿಷ ಸಾಕು.

ಪ್ಯಾಡ್ ಅಂಟಿಸುವ ಜಾಗವನ್ನು ಸೋಪು ಹಾಕಿ ತೊಳೆದು ಒರೆಸಿ, ಎಣ್ಣೆಯ ಪಸೆ ಇರಬಾರದು. ಅಂಚು ಚುರುಗುಟ್ಟಿದರೆ ಜೆಲ್ ಒಣಗಿದೆಯೆಂದೇ ಲೆಕ್ಕ: ಅಂಟಿದ ಚೂರಿನಲ್ಲೇ ಕರೆಂಟೆಲ್ಲ ನುಗ್ಗುತ್ತದೆ. ಒಂದು ಹನಿ ನೀರು ಸವರಿ ನೋಡಿ, ಆಗದಿದ್ದರೆ ಬದಲಿಸಿ. ಯಂತ್ರ ಆಫ್ ಮಾಡದೆ ಪ್ಯಾಡ್ ಕೀಳಬೇಡಿ.

ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಕತ್ತಿನ ಮುಂಭಾಗ, ಎದೆ, ಗಾಯವಾದ ಅಥವಾ ಸ್ಪರ್ಶಜ್ಞಾನವಿಲ್ಲದ ಚರ್ಮ, ಬಸುರಿಯ ಹೊಟ್ಟೆ ಇವು ನಿಷಿದ್ಧ.

ಮೊದಲ ಬಳಕೆಗೆ ನೋವು ನೆತ್ತಿಗೇರಿದ ದಿನವನ್ನು ಆರಿಸಬೇಡಿ. ಮೊದಲ ಅನುಭವ ಕೆಟ್ಟರೆ ‘ಇದರಿಂದ ಆಗದು’ ಎಂಬುದನ್ನೂ ಮಿದುಳು ಕಲಿತುಬಿಡುತ್ತದೆ, ಮುಂದಿನ ಸಲ ಕರೆಂಟು ಅದರ ವಿರುದ್ಧವೂ ಈಜಬೇಕಾಗುತ್ತದೆ. ನೋವು ಸಾಧಾರಣವಾಗಿರುವ ಸಂಜೆಯಲ್ಲಿ, ಪ್ಯಾಡ್ ಹೊಸದಿರುವಾಗ ಶುರುಮಾಡಿ.