ದಿನಕ್ಕೆ ನಾಲ್ಕು ಅಧ್ಯಾಯ: ಮೆಕ್‌ಶೇನ್ ಪಠಣ ಪಟ್ಟಿಯೊಂದಿಗೆ ಒಂದು ವರ್ಷ

ಸತ್ಯವೇದವನ್ನು, ಅಂದರೆ ಬೈಬಲನ್ನು, ವರ್ಷದೊಳಗೆ ಓದಿ ಮುಗಿಸುವ ಪಟ್ಟಿಗಳು ಹಲವಿವೆ. ಕಳೆದ ವರ್ಷ ನಾನು ಆರಿಸಿಕೊಂಡದ್ದು, ಸ್ಕಾಟ್ಲೆಂಡಿನ ಡಂಡೀ ನಗರದ ಸೇಂಟ್ ಪೀಟರ್ಸ್ ಸಭೆಯ ಪಾಲಕರಾಗಿದ್ದ ರಾಬರ್ಟ್ ಮರ್ರೆ ಮೆಕ್‌ಶೇನ್ 1842ರ ಕೊನೆಯಲ್ಲಿ ತಮ್ಮ ಸಭೆಯವರಿಗಾಗಿ ಸಿದ್ಧಪಡಿಸಿದ ಪಟ್ಟಿಯನ್ನು. ಇದರ ಪ್ರಕಾರ ಹಳೆಯ ಒಡಂಬಡಿಕೆಯನ್ನು ಒಮ್ಮೆಯೂ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳನ್ನು ಎರಡು ಸಲವೂ ಓದಬೇಕು. ದಿನಕ್ಕೆ ಸುಮಾರು ನಾಲ್ಕು ಅಧ್ಯಾಯ: ಎರಡು ಮನೆಯವರೊಂದಿಗೆ, ಎರಡು ಏಕಾಂತದಲ್ಲಿ. 1843ರ ಮಾರ್ಚ್ 25ರಂದು, 29ನೆಯ ವಯಸ್ಸಿನಲ್ಲಿ ಮೆಕ್‌ಶೇನ್ ತೀರಿಕೊಂಡರು. ತಾವು ಹಂಚಿದ ಪಟ್ಟಿಯ ಮೊದಲ ವರ್ಷವನ್ನು ಅವರೇ ಪೂರೈಸಲಿಲ್ಲ.

ನನಗೆ ಸಿಕ್ಕಿದ ಪ್ರತಿ ಇಂಗ್ಲಿಷಿನದಾದ್ದರಿಂದ ಪುಸ್ತಕಗಳ ಹೆಸರನ್ನು ಕನ್ನಡದಲ್ಲಿ ಬರೆದು ಸತ್ಯವೇದದ ಒಳರಟ್ಟಿಗೆ ಅಂಟಿಸಿಕೊಂಡೆ. ಜನವರಿ 1ರಂದು ಆದಿಕಾಂಡ, ಮತ್ತಾಯ, ಎಜ್ರ, ಅಪೊಸ್ತಲರ ಕೃತ್ಯಗಳು ಈ ನಾಲ್ಕರ ಮೊದಲ ಅಧ್ಯಾಯಗಳು ಒಟ್ಟಿಗೆ ಬರುತ್ತವೆ: ಲೋಕದ ಸೃಷ್ಟಿ, ಯೇಸುವಿನ ಜನನ, ಸೆರೆಯಲ್ಲಿದ್ದವರು ಊರಿಗೆ ಹೊರಡುವುದು, ಶಿಷ್ಯರು ಮೇಲಂತಸ್ತಿನಲ್ಲಿ ಕೂಡಿ ಪ್ರಾರ್ಥಿಸುವುದು. ಈ ಹೊಂದಿಕೆ ಬೇಕೆಂದೇ ಮಾಡಿದ್ದಿರಬೇಕು. ಅಲ್ಲಿಂದಾಚೆಗೆ ನಾಲ್ಕು ಧಾರೆಗಳೂ ತಂತಮ್ಮ ಪಾಡಿಗೆ ಹರಿಯುತ್ತವೆ, ಮತ್ತು ಈ ಪಟ್ಟಿ ನನಗೆ ಹಿಡಿಸಿದ್ದು ಯಾರೂ ಹೊಂದಿಸದ ಅಂಥ ದಿನಗಳಲ್ಲಿಯೇ.

ಫೆಬ್ರವರಿ 2ರ ಓದನ್ನೇ ನೋಡಿ. ಆದಿಕಾಂಡ 34ರಲ್ಲಿ ಮಗಳು ದೀನಳ ಮಾನಭಂಗವಾದ ಸುದ್ದಿ ತಿಳಿದರೂ ಯಾಕೋಬನು ಗಂಡುಮಕ್ಕಳು ಅಡವಿಯಿಂದ ಬರುವ ತನಕ ಸುಮ್ಮನಿರುತ್ತಾನೆ. ಮಾರ್ಕ 5ರಲ್ಲಿ ಯಾಯೀರನೆಂಬ ಸಭಾಮಂದಿರದ ಅಧಿಕಾರಿ ಹನ್ನೆರಡು ವರ್ಷದ ಮಗಳಿಗಾಗಿ ಯೇಸುವಿನ ಪಾದಕ್ಕೆ ಬೀಳುತ್ತಾನೆ. ಯೋಬ 1ರಲ್ಲಿ ಏಳು ಗಂಡುಮಕ್ಕಳನ್ನೂ ಮೂವರು ಹೆಣ್ಣುಮಕ್ಕಳನ್ನೂ ಒಂದೇ ದಿನ ಕಳೆದುಕೊಂಡ ತಂದೆ, ಬಟ್ಟೆ ಹರಿದುಕೊಂಡು ನೆಲಕ್ಕೆ ಬಿದ್ದು ಆರಾಧಿಸುತ್ತಾನೆ. ಬಳಿಕ ಬರುವ, ಪೌಲನ ಪತ್ರವಾದ ರೋಮಾಪುರದವರಿಗೆ 5, ಉಪದ್ರವದಿಂದ ತಾಳ್ಮೆ ಹುಟ್ಟುತ್ತದೆ ಎನ್ನುತ್ತದೆ. ಬಿಡಿಬಿಡಿಯಾಗಿ ಈ ಅಧ್ಯಾಯಗಳನ್ನು ನಾನು ಎಷ್ಟೋ ಸಲ ಓದಿದ್ದೆ, ಆದರೆ ಮೂವರು ತಂದೆಯರು ಒಂದೇ ಬೆಳಗ್ಗೆ ಎದುರಿಗೆ ಬಂದು ನಿಂತಾಗ ಯಾಕೋಬನ ಮೌನ ಎಷ್ಟು ದೊಡ್ಡದೆಂದು ಮೊದಲ ಬಾರಿಗೆ ಅನ್ನಿಸಿತು. ಆ ದಿನ ಟಿಪ್ಪಣಿ ಪುಸ್ತಕದಲ್ಲಿ ಬರೆದದ್ದು ಪೌಲನ ತಾಳ್ಮೆಯ ಮಾತನ್ನಲ್ಲ, ಮನೆಯಲ್ಲಿ ಮಾತಾಡಬೇಕಾದ ಹೊತ್ತಿನಲ್ಲಿ ನಾನು ಸುಮ್ಮನಿದ್ದ ಸಂದರ್ಭಗಳನ್ನು.

ತೊಡಕೆಂದರೆ, ಆದಿಕಾಂಡ ಮನೆಯವರೊಂದಿಗೆ ಓದುವ ಅಂಕಣದಲ್ಲಿದೆ. ಕುಟುಂಬ ಪ್ರಾರ್ಥನೆಯಲ್ಲಿ ಮಕ್ಕಳ ಮುಂದೆ 34ನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದುವುದು ಹೇಗೆ? ನಾವು ಅದನ್ನು ಬಿಟ್ಟು ಯಾಯೀರನ ಮಗಳ ಕಥೆಯನ್ನಷ್ಟೇ ಓದಿದೆವು. ಹನ್ನೆರಡು ಕುಲಾಧಿಪತಿಗಳ ಒಂದೇ ಬಗೆಯ ಕಾಣಿಕೆಯನ್ನು ಹನ್ನೆರಡು ಸಲ ವಿವರಿಸುವ, 89 ವಚನಗಳ ಅರಣ್ಯಕಾಂಡ 7 ಬಂದ ಸಂಜೆ ಮಕ್ಕಳು ತೂಕಡಿಸಿದರು. ತಪ್ಪೇನೂ ಅಲ್ಲ.

ಪಟ್ಟಿಯ ನಿಜವಾದ ದೋಷ ಅದರ ಭಾರ. ತಪ್ಪಿದ್ದನ್ನು ಸರಿತೂಗಿಸಿಕೊಳ್ಳಲು ಒಂದು ದಿನವೂ ಬಿಡುವಿಲ್ಲದ ಕಾರಣ, ಜ್ವರ ಬಂದು ಮೂರು ದಿನ ಮಲಗಿದರೆ ಹನ್ನೆರಡು ಅಧ್ಯಾಯಗಳು ಬಾಕಿ ಬೀಳುತ್ತವೆ. ಮೊಬೈಲಿನ ಆಪ್ ಒಂದರಲ್ಲಿ ಗುರುತು ಹಾಕುತ್ತಾ ಹೋದ ನಾನು, ಆ ಬಾಕಿ ತೀರಿಸುವ ಅವಸರದಲ್ಲಿ ಯೆರೆಮೀಯನ ಹಲವು ಅಧ್ಯಾಯಗಳ ಮೇಲೆ ಕಣ್ಣಾಡಿಸಿದೆನೇ ಹೊರತು ಓದಲಿಲ್ಲ. ಆದರೂ ಎಲ್ಲ ಚೌಕಗಳೂ ತುಂಬಿದವೆಂದು ಬೀಗಿದೆ. ಕಾಟಾಚಾರದ ಓದು, ತಾನೇ ನೀತಿವಂತನೆಂಬ ಭಾವ, ಅಜಾಗ್ರತೆ, ಹೊರಲಾರದ ನೊಗ ಇವು ಇಂಥ ಪಟ್ಟಿಯಿಂದ ಬರಬಹುದಾದ ಅಪಾಯಗಳೆಂದು ಮೆಕ್‌ಶೇನರೇ ಎಚ್ಚರಿಸಿದ್ದರು. ಅವನ್ನು ನಾನು ಓದಿದ್ದು ಮಾತ್ರ ಅಕ್ಟೋಬರಿನಲ್ಲಿ!

ಸತ್ಯವೇದವನ್ನು ಮೊದಲ ಸಲ ಕೈಗೆತ್ತಿಕೊಳ್ಳುವವರಿಗೆ ಈ ಪಟ್ಟಿಯನ್ನು ನಾನು ಹೇಳುವುದಿಲ್ಲ. ಒಂದು ಸುವಾರ್ತೆಯನ್ನು ನಿಧಾನವಾಗಿ ಓದುವುದು ಅವರಿಗೆ ಮೇಲು. ಕಥೆಗಳನ್ನು ಬಲ್ಲವರು, ಆದರೆ ಅವನ್ನು ಒಂದರ ಪಕ್ಕ ಒಂದಿಟ್ಟು ನೋಡದವರು, ಖಂಡಿತ ಪ್ರಯತ್ನಿಸಬಹುದು. ಈ ವರ್ಷ ನಾನು ಏಕಾಂತದ ಎರಡು ಅಂಕಣಗಳನ್ನಷ್ಟೇ ಇಟ್ಟುಕೊಂಡು, ಉಳಿದೆರಡನ್ನು ಮುಂದಿನ ವರ್ಷಕ್ಕೆ ಬಿಟ್ಟಿದ್ದೇನೆ. ಆಪ್ ತೆಗೆದುಹಾಕಿ, ಒಳರಟ್ಟಿನ ಹಾಳೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದೇನೆ.